ಸುಟ್ಟ ನೆಲದಿಂದ ಕುರಿ ಓಡಿಸಬೇಡಿ

ಇಂಗ್ಲೆಂಡಿನ ನಾರ್ತ್ ಯಾರ್ಕ್ ಮೂರ್ಸ್ ಬಯಲಿನಲ್ಲಿ ಪೀಟ್, ಅಂದರೆ ಅರೆಕೊಳೆತ ಗಿಡಗಳ ಮಣ್ಣು, ಎಷ್ಟು ಆಳ ಇದೆ ಅಂತ ಅಳೆಯುವುದು ನನ್ನ ಕೆಲಸ. ಇಲ್ಲಿ ಹೆದರ್ ಎಂಬ ಕುರುಚಲು ಗಿಡವನ್ನು ಹೊಸ ಚಿಗುರಿಗಾಗಿ ಸುಡುತ್ತಾರೆ. ಅದಕ್ಕೆ ಮುಂಚೆ ಪ್ಲಾಟ್ ತುಂಬ ಪ್ರೋಬ್ ಎಂಬ ಅಳತೆ ಸರಳು ಚುಚ್ಚುತ್ತಾ ಹೋಗಬೇಕು. ಮೊದಲು ಸಂರಕ್ಷಿತ ಜಾಗದಲ್ಲಿ ಪೀಟ್ 40 ಸೆಂಟಿಮೀಟರ್‌ಗಿಂತ ಆಳ ಇದ್ದರೆ ಲೈಸೆನ್ಸ್ ಇಲ್ಲದೆ ಸುಡುವಂತಿರಲಿಲ್ಲ. 2025ರಲ್ಲಿ ಅದನ್ನು 30ಕ್ಕೆ ಇಳಿಸಿದರು. ಹಳೇ ಮ್ಯಾಪೆಲ್ಲ ಮತ್ತೆ ಮಾಡಿ ಅಂತ ಒಂದು ಸಾಲಿನ ಮೇಲ್ ಬಂತು. ಕೆಲಸಕ್ಕೆ ಜನ ಮಾತ್ರ ಜಾಸ್ತಿ ಆಗಲಿಲ್ಲ.

ಸುಡುವ ದಿನ ನನಗೆ ಅಲ್ಲಿ ಕೆಲಸವಿಲ್ಲ. ಆದರೆ ಏಪ್ರಿಲ್ 15ಕ್ಕೆ ಸೀಸನ್ ಮುಗಿಯುತ್ತದೆ, ಒಣ ಹವೆ ಸಿಗುವುದೇ ಅಪರೂಪ. ಅವತ್ತು ಆಳು ಕಮ್ಮಿ ಇದ್ದರು, ನನ್ನ ಕೈಗೂ ಬೆಂಕಿ ಬಡಿದು ಆರಿಸುವ ಬೀಟರ್ ಕೊಟ್ಟರು. ಬೆಳಿಗ್ಗೆ ಕೆಲಸಕ್ಕೆ ಮುಂಚಿನ ಸುರಕ್ಷತೆಯ ಮಾತು, ಅಂದರೆ ಟೂಲ್‌ಬಾಕ್ಸ್ ಟಾಕ್‌ನಲ್ಲಿ ಬೂಟು, ಗ್ಲೌಸ್ ಬಗ್ಗೆಯೇ ಮಾತು.

ಪ್ಲಾಟ್‌ನಲ್ಲಿದ್ದ ಸ್ವೇಲ್‌ಡೇಲ್ ತಳಿಯ ಕುರಿಗಳನ್ನು ಮೊದಲೇ ಆಚೆ ಅಟ್ಟಿದ್ದೆ. ನಮ್ಮ ಚಳ್ಳಕೆರೆ ಕಡೆ ಮಂದೆ ಹಿಂದೆ ಕುರಿಗಾಹಿ ಇದ್ದೇ ಇರುತ್ತಾನೆ, ಅವನು ಅಟ್ಟಿದ ಕಡೆ ಕುರಿ ಹೋಗುತ್ತವೆ. ಇಲ್ಲಿ ಬೇಲಿಯೂ ಇಲ್ಲ, ಕಾಯುವವರೂ ಇಲ್ಲ. ತಾಯಿ ಜೊತೆ ಮೇಯ್ದ ಜಾಗವೇ ಮರಿಯ ಹೆಫ್ಟ್, ಅಂದರೆ ಅದರ ಕಾಯಂ ಮೇವಿನ ಜಾಗ. ಎಷ್ಟು ಅಟ್ಟಿದರೂ ಅಲ್ಲಿಗೇ ವಾಪಸ್.

ಬೆಂಕಿ ಗಾಳಿಯ ಜೊತೆ ಅರ್ಧ ಪ್ಲಾಟ್ ದಾಟಿತ್ತು. ತಿರುಗಿ ನೋಡಿದರೆ ಹಿಂದೆ ಆಗಲೇ ಸುಟ್ಟು ಕರಿಯಾದ ನೆಲದ ಮೇಲೆ ಐದಾರು ಕುರಿ, ಸುತ್ತ ಹೊಗೆ. ಸತ್ತೇ ಹೋಗ್ತವೆ ಅಂದುಕೊಂಡೆ. ಬೀಟರ್ ಎತ್ತಿಕೊಂಡು ಕೂಗುತ್ತಾ ಓಡಿದೆ. ಬೆದರಿದ ಕುರಿಗಳು ಪಕ್ಕದ ಹೆದರ್ ಒಳಗೆ ನುಗ್ಗಿದವು. ಮಂಡಿಯುದ್ದ ಬೆಳೆದ ಹಳೇ ಹೆದರ್, ಇನ್ನೂ ಸುಟ್ಟಿರಲಿಲ್ಲ. ಅದೇ ಹೊತ್ತಿಗೆ ಗಾಳಿಯ ದಿಕ್ಕು ಬದಲಾಯಿತು. ಅಂಚಿನ ಬೆಂಕಿ ಅತ್ತಲೇ ತಿರುಗಿತು. ಹೊಗೆಯಲ್ಲಿ ಏನೂ ಕಾಣಲಿಲ್ಲ, ಬರೀ ಅರಚಾಟ. ನಾನು ಇನ್ನೂ ಮುಂದೆ ಹೋಗಲು ನೋಡಿದೆ. ಈ ಬಯಲು ನೋಡಿಕೊಳ್ಳುವ ಕೀಪರ್ ನನ್ನ ಜಾಕೆಟ್ ಹಿಡಿದು ಕರಿ ನೆಲಕ್ಕೆ ಎಳೆದ. ಗಾಳಿ ಊದುವ ಎರಡು ಬ್ಲೋವರ್ ಯಂತ್ರ ತಂದು ಅಂಚನ್ನು ಆರಿಸಿದರು. ನೋಡುತ್ತಿದ್ದ ನನಗೆ ಅದು ಮುಗಿಯುವುದೇ ಇಲ್ಲ ಅನ್ನಿಸಿತು.

ಕುರಿಗಳು ತಾವಾಗಿಯೇ ಮತ್ತೆ ಕರಿ ನೆಲಕ್ಕೆ ಬಂದು ನಿಂತವು. ಒಮ್ಮೆ ಉರಿದ ನೆಲದಲ್ಲಿ ಮತ್ತೆ ಉರಿಯಲು ಏನಿದೆ? ಬೆಂಕಿ ಕೆಲಸದಲ್ಲಿ ಓಡಬೇಕಾದ್ದು ಅಲ್ಲಿಗೇ. ಇಷ್ಟನ್ನು ಬೆಳಿಗ್ಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. “ಮುಂದಿನ ಸಲ ನೀನೂ ಅವುಗಳ ಜೊತೆ ಸುಮ್ನೆ ನಿಂತ್ಕೋ,” ಅಂದ ಕೀಪರ್.

ಸಂಜೆ ಆ್ಯಪ್‌ನಲ್ಲಿ ನಿಯರ್ ಮಿಸ್, ಅಂದರೆ ಸ್ವಲ್ಪದರಲ್ಲಿ ತಪ್ಪಿದ ಅಪಘಾತದ ಫಾರ್ಮ್ ತುಂಬಬೇಕಿತ್ತು. ಕಾರಣದ ಪಟ್ಟಿಯಲ್ಲಿ ಏಣಿ ಇದೆ, ವಾಹನ ಇದೆ, ಕಚೇರಿ ಕುರ್ಚಿಯೂ ಇದೆ. ಬೆಂಕಿ, ಕುರಿ ಎರಡೂ ಇಲ್ಲ. ‘ಇತರೆ’ ಒತ್ತಿದರೆ ಫೋಟೋ ಕಡ್ಡಾಯವಂತೆ.