ತುಂಡುಬಟ್ಟೆಯ ದಿಂಬು ಮತ್ತು ನನ್ನ ಸೊಂಟ: ಹನ್ನೆರಡು ವಾರಗಳ ಟಿಪ್ಪಣಿ

ಹತ್ತೊಂಬತ್ತು ವರ್ಷಗಳಿಂದ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದೇನೆ. ಅರಸೀಕೆರೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ರವಿಕೆ, ಲಂಗ, ಶಾಲೆಯ ಸಮವಸ್ತ್ರ ಹೊಲಿಯುತ್ತೇನೆ. ಸಾಮಾನ್ಯ ದಿನಗಳಲ್ಲಿ ಎಂಟು ಗಂಟೆ ಕೆಲಸ, ಮದುವೆಯ ಕಾಲದಲ್ಲಿ ಹನ್ನೊಂದು. ಸೊಂಟದ ಎಡಭಾಗದಲ್ಲಿ ನೋವು ಬಂದು ಎರಡು ವರ್ಷ ದಾಟಿತ್ತು. ಕಳೆದ ದೀಪಾವಳಿಯ ಹಿಂದಿನ ದಿನ ನೆಲಕ್ಕೆ ಬಿದ್ದ ಸೂಜಿ ಎತ್ತಲು ಬಾಗಿದೆ, ಮೇಲೇಳಲು ಆಗಲಿಲ್ಲ. ಕಟಿಂಗ್ ಮೇಜನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೆಯೇ ನಿಂತಿದ್ದೆ.

ಮೊದಲು ವೈದ್ಯರ ಬಳಿ ಹೋದೆ. ಈ ಮಾತನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಬೀದಿಯಲ್ಲಿ ಬೆನ್ನುನೋವೆಂದರೆ ಎಲ್ಲರೂ ಮೊದಲು ಎಣ್ಣೆ ತಿಕ್ಕುತ್ತಾರೆ. ಕಾಲಿಗೆ ಜೋಮು ಇಳಿಯುತ್ತದೆಯೇ, ಕಾಲಿನ ಶಕ್ತಿ ಕುಂದಿದೆಯೇ, ಮೂತ್ರದ ಹಿಡಿತ ತಪ್ಪಿದೆಯೇ, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಇದೆಯೇ ಎಂದು ಅವರು ಒಂದೊಂದಾಗಿ ಕೇಳಿದರು. ಯಾವುದೂ ಇರಲಿಲ್ಲ. ‘ಹಾಸಿಗೆ ಹಿಡಿಯಬೇಡಿ, ನಡೆಯಿರಿ, ಮೆಲ್ಲಗೆ ವ್ಯಾಯಾಮ ಮಾಡಿ’ ಎಂದು ಹೇಳಿ ಕಳುಹಿಸಿದರು. ಅವರು ಕೇಳಿದ ಆ ಲಕ್ಷಣಗಳಲ್ಲಿ ಒಂದಾದರೂ ಇರುವವರು ಈ ಟಿಪ್ಪಣಿಯನ್ನು ಪಕ್ಕಕ್ಕಿಟ್ಟು ಮೊದಲು ಆಸ್ಪತ್ರೆಗೆ ಹೋಗಬೇಕು.

ಯೋಗ ಹೇಳಿಕೊಟ್ಟವರು ನಮ್ಮ ಬೀದಿಯ ನಿವೃತ್ತ ಶಿಕ್ಷಕಿ. ಅವರ ರವಿಕೆಗಳನ್ನು ಮೊದಲಿನಿಂದಲೂ ನಾನೇ ಹೊಲಿಯುತ್ತೇನೆ. ಸಂಕ್ರಾಂತಿ ಕಳೆದ ಸೋಮವಾರ ಶುರು ಮಾಡಿದೆವು. ಬೆಳಿಗ್ಗೆ ಇಪ್ಪತ್ತು ನಿಮಿಷ, ವಾರಕ್ಕೆ ಆರು ದಿನ. ರಾತ್ರಿ ಮಲಗುವ ಮುನ್ನ ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಆ ದಿನದ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ.

ವಾರ 1. ಸರಾಸರಿ 6.

ಈ ವಾರ ಆಸನಕ್ಕಿಂತ ಹೊಲಿಗೆಯೇ ಹೆಚ್ಚು ನಡೆಯಿತು. ಮೊಣಕಾಲಿನ ಕೆಳಗಿಡಲು ಉದ್ದನೆಯ ಉರುಟು ದಿಂಬು ಬೇಕು ಎಂದರು ಟೀಚರ್. ಅಂಗಡಿಯ ಮೂಲೆಯಲ್ಲಿ ಮೂರು ಚೀಲ ತುಂಡುಬಟ್ಟೆ ಬಿದ್ದಿರುವಾಗ ನಾನೇಕೆ ದಿಂಬು ಕೊಳ್ಳಲಿ? ಇಪ್ಪತ್ತನಾಲ್ಕು ಅಂಗುಲ ಉದ್ದ, ಒಂಬತ್ತು ಅಂಗುಲ ದಪ್ಪ ಎಂದು ಲೆಕ್ಕ ಹಾಕಿದೆ. ಸುತ್ತಳತೆ ಇಪ್ಪತ್ತೆಂಟೂ ಕಾಲು ಬರುತ್ತದೆ. ಹೊಲಿಗೆಗೆ ಒಂದು ಅಂಗುಲ ಬಿಟ್ಟೆ. ಎರಡು ತುದಿಗೆ ಹತ್ತು ಅಂಗುಲದ ವೃತ್ತಗಳು. ಹಳೆಯ ಹತ್ತಿ ಬೆಡ್‌ಶೀಟೇ ಹೊದಿಕೆ. ಮೊದಲು ಸಿಂಥೆಟಿಕ್ ತುಂಡುಗಳನ್ನು ತುಂಬಿದೆ. ಮಲಗಿದ ಕೂಡಲೇ ದಿಂಬು ಚಪ್ಪಟೆಯಾಯಿತು. ಬಿಚ್ಚಿ, ಬರಿ ಹತ್ತಿಯ ತುಂಡುಗಳನ್ನು ಸಣ್ಣಗೆ ಕತ್ತರಿಸಿ ಒತ್ತಿ ತುಂಬಿದೆ. ಸುಮಾರು ಐದು ಕಿಲೋ ಹಿಡಿಯಿತು. ಈಗ ಕಲ್ಲಿನಂತೆಯೂ ಇಲ್ಲ, ಅರಳೆಯಂತೆಯೂ ಇಲ್ಲ. ಜೊತೆಗೆ ಸಮವಸ್ತ್ರದ ಡ್ರಿಲ್ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಎಂಟು ಅಡಿಯ ಪಟ್ಟಿಯನ್ನೂ ಹೊಲಿದೆ.

ಇಂಥ ಸಲಕರಣೆಗಳನ್ನು ಯೋಗಕ್ಕೆ ತಂದು ಪ್ರಸಿದ್ಧಿ ಮಾಡಿದವರು ಬಿ.ಕೆ.ಎಸ್. ಅಯ್ಯಂಗಾರ್ ಎಂದು ಟೀಚರ್ ಹೇಳಿದರು. ಅವರು ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಚಿಕ್ಕಂದಿನಲ್ಲಿ ಕಾಯಿಲೆಗಳಿಂದ ಬಹಳ ಬಳಲಿದ ಹುಡುಗ. ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ಭಾವ ಕೃಷ್ಣಮಾಚಾರ್ಯರ ಬಳಿ ಕಲಿತು, ಮುಂದೆ ಪುಣೆಯಲ್ಲಿ ನೆಲೆಸಿದರು. ಹಗ್ಗ, ಇಟ್ಟಿಗೆ, ಕುರ್ಚಿ, ದಿಂಬು, ಕಂಬಳಿ ಎಲ್ಲವನ್ನೂ ಅವರು ಆಸನಕ್ಕೆ ಬಳಸಿದರು. ಬಾಗಲಾರದ ದೇಹಕ್ಕೂ ಆಸನದಲ್ಲಿ ಜಾಗ ಮಾಡಿಕೊಟ್ಟವರು ನಮ್ಮ ಕಡೆಯವರೇ ಎಂದು ತಿಳಿದಾಗ ನನಗೆ ನಿಜವಾಗಿಯೂ ಹೆಮ್ಮೆಯಾಯಿತು.

ವಾರ 2. ಸರಾಸರಿ 6.

ಮಾಡಿದ್ದು ನಾಲ್ಕೇ. ನೆಲದ ಮೇಲೆ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಡುವುದು, ಐದು ನಿಮಿಷ. ಪಟ್ಟಿಯನ್ನು ಪಾದಕ್ಕೆ ಹಾಕಿ ಒಂದೊಂದೇ ಕಾಲು ಎತ್ತುವುದು. ಅಂಬೆಗಾಲಿನಲ್ಲಿ ನಿಂತು ಬೆಕ್ಕಿನಂತೆ ಬೆನ್ನನ್ನು ಏರಿಸಿ ಇಳಿಸುವ ಮಾರ್ಜಾಲಾಸನ. ಕೊನೆಗೆ ಮೊಣಕಾಲ ಕೆಳಗೆ ದಿಂಬಿಟ್ಟು ಶವಾಸನ. ಬದಲಾವಣೆ ಏನೂ ಕಾಣಲಿಲ್ಲ. ಆದರೆ ಕುರ್ಚಿಯ ಮೇಲೆ ಕಾಲಿಟ್ಟ ಐದು ನಿಮಿಷ ಮಾತ್ರ ನೋವು ಇರುವುದಿಲ್ಲ. ಇಡೀ ದಿನದಲ್ಲಿ ಅಷ್ಟು ಹೊತ್ತಾದರೂ ನೋವಿಲ್ಲದೆ ಇರಬಹುದು ಎನ್ನುವುದೇ ನನಗೆ ಹೊಸದು.

ವಾರ 3. ಸರಾಸರಿ 7.

ತಪ್ಪು ಮಾಡಿದೆ. ಬೇಗ ಗುಣವಾಗಲಿ ಎಂಬ ಆಸೆಯಿಂದ ಮೊಬೈಲ್‌ನಲ್ಲಿ ಯಾವುದೋ ವಿಡಿಯೋ ನೋಡಿ ಪಶ್ಚಿಮೋತ್ತಾನಾಸನಕ್ಕೆ ಕೈಹಾಕಿದೆ. ಕಾಲು ಚಾಚಿ ಕುಳಿತು, ಹೆಬ್ಬೆರಳು ಹಿಡಿದೇ ತೀರಬೇಕೆಂದು ಬೆನ್ನನ್ನು ಎಳೆದೆ. ಅಂದು ಸಂಜೆಗೇ 8. ಮೂರು ದಿನ ಅಂಗಡಿ ತೆರೆಯಲಿಲ್ಲ. ಟೀಚರ್ ಬೈಯಲಿಲ್ಲ. ‘ನೋಡಮ್ಮ, ಗಿರಾಕಿಯ ಮೈಗೆ ರವಿಕೆ ಬಿಗಿಯಾದರೆ ಏನು ಮಾಡುತ್ತೀಯೆ? ಬಟ್ಟೆಯನ್ನು ಎಳೆಯುತ್ತೀಯಾ, ಹೊಲಿಗೆ ಬಿಚ್ಚುತ್ತೀಯಾ?’ ಎಂದು ಕೇಳಿದರು. ಅಂದಿನಿಂದ ನಮ್ಮ ನಿಯಮ ಇದು: ಎಳೆತ ಶುರುವಾಗುವ ಜಾಗಕ್ಕೆ ಎರಡು ಬೆರಳು ಮೊದಲೇ ನಿಲ್ಲಬೇಕು, ಅಲ್ಲಿ ಐದು ಉಸಿರು ಇರಬೇಕು, ವಾಪಸು ಬರಬೇಕು.

ವಾರ 4. ಸರಾಸರಿ 6. ಮೊದಲಿನ ನಾಲ್ಕೇ. ವಿಶೇಷವಿಲ್ಲ.

ವಾರ 5. ಸರಾಸರಿ 5.

ಈ ವಾರದ್ದನ್ನು ವಿವರವಾಗಿ ಬರೆಯಬೇಕು. ಮಂಗಳವಾರ ಟೀಚರ್ ಬಟ್ಟೆ ಕೊಡಲು ಅಂಗಡಿಗೆ ಬಂದವರು ಸುಮ್ಮನೆ ಕುಳಿತು ನನ್ನ ಕೆಲಸ ನೋಡುತ್ತಿದ್ದರು. ನಾನು ಒಂದು ರವಿಕೆಯ ಕುತ್ತಿಗೆಗೆ ಪೈಪಿಂಗ್ ಕೊಡುತ್ತಿದ್ದೆ. ತಿರುವು ಮುಗಿದ ಮೇಲೆ ‘ಎಷ್ಟು ಹೊತ್ತಿನಿಂದ ಉಸಿರು ಬಿಟ್ಟಿಲ್ಲ, ಗೊತ್ತೇ?’ ಎಂದರು. ಗೊತ್ತಿರಲಿಲ್ಲ. ಆಮೇಲೆ ಗಮನಿಸಿದೆ: ಸೂಜಿಗೆ ದಾರ ಪೋಣಿಸುವಾಗ, ಕುತ್ತಿಗೆ ತಿರುಗಿಸುವಾಗ, ದುಬಾರಿ ರೇಷ್ಮೆಗೆ ಮೊದಲ ಕತ್ತರಿ ಹಾಕುವಾಗ, ಪ್ರತಿ ಸಲವೂ ಉಸಿರು ಕಟ್ಟುತ್ತೇನೆ. ಹೊಟ್ಟೆ ಬಿಗಿ, ದವಡೆ ಬಿಗಿ, ಎಡ ಸೊಂಟ ಬಿಗಿ. ಇದು ದಿನಕ್ಕೆ ನೂರಾರು ಸಲ.

ಉಸಿರಿಗೂ ಸೊಂಟಕ್ಕೂ ಏನು ಸಂಬಂಧ ಎಂದು ಕೇಳಿದೆ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ಹಿಂಭಾಗದ ಎಳೆಗಳು ಸೊಂಟದ ಮೇಲಿನ ಕಶೇರುಕಗಳಿಗೇ ಅಂಟಿಕೊಂಡಿವೆ ಎಂದು ಟೀಚರ್ ಚಿತ್ರ ತೋರಿಸಿ ವಿವರಿಸಿದರು. ಅಂಟಿಕೊಂಡಿರುವುದಕ್ಕೇ ನೋವು ಬರುತ್ತದೆಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ನೋವಿಗೆ ಹೆದರಿದ ದೇಹ ಆ ಜಾಗವನ್ನು ಕಾಯಲು ಸ್ನಾಯುಗಳನ್ನು ಬಿಗಿ ಹಿಡಿಯುತ್ತದೆ, ಬಿಗಿ ಹಿಡಿದ ಸ್ನಾಯು ತಾನೇ ನೋಯುತ್ತದೆ. ನೀಳವಾಗಿ ಉಸಿರು ಬಿಡುವುದು ಈ ಕಾವಲನ್ನು ಸಡಿಲಿಸುವ ದಾರಿ. ಯಂತ್ರದ ಹಲಗೆಯ ಮೇಲೆ, ಸೂಜಿಯ ಪಕ್ಕದಲ್ಲೇ, ಟೈಲರ್ ಚಾಕ್‌ನಿಂದ ಒಂದು ನೀಲಿ ಗೆರೆ ಎಳೆದೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಉಸಿರು ಬಿಡುವುದು. ಬಟ್ಟೆ ಓಡಾಡಿ ಗೆರೆ ಅಳಿಸಿಹೋಗುತ್ತದೆ, ಬೆಳಿಗ್ಗೆ ಮತ್ತೆ ಎಳೆಯುತ್ತೇನೆ.

ವಾರ 6 ಮತ್ತು 7. ಸರಾಸರಿ 5, 4.

ಸೇತುಬಂಧಾಸನ ಸೇರಿಸಿದೆವು. ಪೃಷ್ಠವನ್ನು ಒಂದು ಗೇಣು ಮಾತ್ರ ಎತ್ತಿ, ಕಶೇರುಕಗಳನ್ನು ಒಂದೊಂದಾಗಿ ನೆಲಕ್ಕೆ ಇಳಿಸುವುದು. ಎಡಭಾಗದಲ್ಲಿ ಎರಡು ಮೂಳೆಗಳು ಜೊತೆಯಾಗಿಯೇ ಇಳಿಯುತ್ತಿದ್ದಂತೆ ಅನಿಸುತ್ತಿತ್ತು. ಏಳನೆಯ ವಾರದ ಶುಕ್ರವಾರ ಬೇರೆ ಬೇರೆಯಾಗಿ ಇಳಿದವು. ಇದನ್ನು ಯಾರಿಗೆ ಹೇಳಲಿ ಎಂದು ಹುಡುಕಿ, ಕೊನೆಗೆ ಊರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ವಾರ 8. ಸರಾಸರಿ 4.

ಮಗಳು ಕಾಲೇಜಿನಿಂದ ಬಂದಾಗ ಸಂಶೋಧನೆಗಳನ್ನು ಹುಡುಕಿ ಓದಿ ಹೇಳಿದಳು. ಬೆಂಗಳೂರಿನ ಸಮೀಪದ ಎಸ್-ವ್ಯಾಸ ಎಂಬ ಯೋಗ ವಿಶ್ವವಿದ್ಯಾಲಯದವರು ಬಹುಕಾಲದ ಸೊಂಟನೋವಿದ್ದ 80 ಜನರನ್ನು ಒಂದು ವಾರ ಅಲ್ಲೇ ಇರಿಸಿಕೊಂಡು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರ ಬೆನ್ನು ಹೆಚ್ಚು ಬಳುಕಿತು, ದಿನದ ಕೆಲಸಗಳೂ ಅವರಿಗೆ ಹೆಚ್ಚು ಸಲೀಸಾದವು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 228 ಜನರಿದ್ದರು. ಅಲ್ಲಿ ಯೋಗಕ್ಕೂ ಸಾಮಾನ್ಯ ಸ್ನಾಯು ಚಾಚುವ ವ್ಯಾಯಾಮಕ್ಕೂ ಫಲ ಹೆಚ್ಚುಕಡಿಮೆ ಒಂದೇ. ಪುಸ್ತಕ ಓದಿ ತಾವೇ ಆರೈಕೆ ಮಾಡಿಕೊಂಡವರಿಗಿಂತ ಎರಡೂ ಗುಂಪಿನವರು ಮೇಲು. ಮಗಳಿಗೆ ಇದು ಸ್ವಲ್ಪ ನಿರಾಸೆ ತಂದಿತು. ನನಗಂತೂ ಈ ಎರಡನೆಯದೇ ಇಷ್ಟವಾಯಿತು. ಆಸನದ ಹೆಸರು ಬಾರದವರೂ, ಯೋಗವೆಂದರೆ ಹಿಂಜರಿಯುವವರೂ ತಮಗೆ ಒಗ್ಗಿದ್ದನ್ನು ವಾರವಾರವೂ ಬಿಡದೆ ಮಾಡಬಹುದು ಎಂದಾಯಿತಲ್ಲ. ದೀರ್ಘಕಾಲದ ಸೊಂಟನೋವಿಗೆ ಮೊದಲು ಔಷಧವಿಲ್ಲದ ದಾರಿಗಳನ್ನು ನೋಡಿ ಎಂದು ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ನೀಡಿದ ಮಾರ್ಗಸೂಚಿಯಲ್ಲಿ ವ್ಯಾಯಾಮ, ಯೋಗ, ಚೀನಾದ ತಾಯ್ ಚಿ ಎಲ್ಲವೂ ಇವೆ.

ವಾರ 9 ಮತ್ತು 10. ಸರಾಸರಿ 5, 5.

ಯುಗಾದಿ. ನಲವತ್ತಮೂರು ರವಿಕೆ. ಎರಡು ದಿನ ಅಭ್ಯಾಸ ಪೂರ್ತಿ ತಪ್ಪಿತು, ಉಳಿದ ದಿನ ಹತ್ತು ನಿಮಿಷವಷ್ಟೇ. ಹಿಂದಿನ ವರ್ಷ ಇದೇ ಹೊತ್ತಿಗೆ ನೋವಿನ ಮಾತ್ರೆ ನುಂಗಿ ಹೊಲಿದಿದ್ದೆ. ಈ ಸಲ ಪ್ರತಿ ಮೂರು ರವಿಕೆಗೊಮ್ಮೆ ಎದ್ದು, ಗೋಡೆಗೆ ಅಂಗೈ ಊರಿ, ಸೊಂಟದಿಂದ ಅರ್ಧ ಬಾಗಿ ಐದು ಉಸಿರು ನಿಂತೆ. ಕಾಯುತ್ತಿದ್ದ ಗಿರಾಕಿಯೊಬ್ಬರು ‘ಏನಕ್ಕಾ ಅದು, ನನಗೂ ತೋರಿಸಿ’ ಎಂದರು. ಇಬ್ಬರೂ ಗೋಡೆ ಹಿಡಿದು ನಿಂತೆವು.

ವಾರ 11. ಸರಾಸರಿ 4. ಶವಾಸನದಲ್ಲಿ ನಿದ್ದೆ ಬಂದುಬಿಡುತ್ತಿದೆ. ಬರಲಿ ಬಿಡಮ್ಮ ಎಂದಿದ್ದಾರೆ ಟೀಚರ್.

ವಾರ 12. ಸರಾಸರಿ 3.

ನೋವು ಹೋಗಿಲ್ಲ. ಸಂಜೆ ಆರರ ನಂತರ ಎಡಗಡೆ ಇನ್ನೂ ಮಾತಾಡುತ್ತದೆ. ಆದರೆ ಈ ವಾರ ನೆಲಕ್ಕೆ ಬಿದ್ದ ಸೂಜಿಗಳನ್ನೆಲ್ಲ ನಾನೇ ಎತ್ತಿದ್ದೇನೆ, ಮೇಜನ್ನು ಹಿಡಿಯದೆ, ಮೊಣಕಾಲು ಮಡಿಸಿ, ಉಸಿರು ಬಿಡುತ್ತ. ಗೋಡೆ ಹಿಡಿದು ನಿಂತಿದ್ದ ಆ ಗಿರಾಕಿಗೆ ಒಂದು ದಿಂಬು ಬೇಕಂತೆ. ಅವರು ನನಗಿಂತ ಗಿಡ್ಡ, ಹಾಗಾಗಿ ಎಂಟು ಅಂಗುಲ ದಪ್ಪ ಸಾಕು. ನನ್ನ ಕಡೆ ಉಳಿದಿರುವ ಕೆಲಸವೆಂದರೆ ಸ್ಟೂಲು: ಯಂತ್ರಕ್ಕೆ ಎರಡು ಅಂಗುಲ ತಗ್ಗಾಗಿದೆ, ಅದಕ್ಕೇ ಬೆನ್ನು ಗೂನಾಗುತ್ತಿದೆ. ಬಡಗಿ ಶನಿವಾರ ಬರುತ್ತೇನೆ ಎಂದಿದ್ದಾನೆ.