ಫ್ಲಾಸ್ಕಿನ ಮೇಲೆ ನಾನು ಬರೆಯದೇ ಬಿಟ್ಟ ನಂಬರು

ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ) ಇದ್ದವರ ಕೀಲು ಬದಲಿಸುವಾಗ ತೆಗೆದ ಒಳಪೊರೆ ನಮ್ಮ ಲ್ಯಾಬಿಗೆ ಬರುತ್ತದೆ. ಅದನ್ನು ಸಣ್ಣಗೆ ಕತ್ತರಿಸಿ, ಕೊಲಾಜಿನೇಸ್ ಎಂಬ ಕಿಣ್ವದಲ್ಲಿ ಬಿಡಿಸಿ, ಜೀವಕೋಶಗಳನ್ನು ಫ್ಲಾಸ್ಕ್ ಎಂಬ ಚಪ್ಪಟೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಬೆಳೆಸುವುದು ನನ್ನ ಕೆಲಸ. ಶುರುವಿನಲ್ಲಿ ಎಲ್ಲ ಬಗೆಯ ಕೋಶಗಳೂ ಇರುತ್ತವೆ. ಫ್ಲಾಸ್ಕ್ ತುಂಬಿದಾಗಲೆಲ್ಲ ಹೊಸದಕ್ಕೆ ಹಂಚುತ್ತೇವೆ. ಇದಕ್ಕೆ ಪ್ಯಾಸೇಜ್ ಅಂತೀವಿ. ಮೂರ್ನಾಲ್ಕು ಪ್ಯಾಸೇಜ್ ದಾಟಿದರೆ ಹೆಚ್ಚುಕಡಿಮೆ ಫೈಬ್ರೋಬ್ಲಾಸ್ಟ್‌ಗಳೇ, ಅಂದರೆ ಅಂಗಾಂಶದ ಹಂದರ ಕಟ್ಟುವ ಕೋಶಗಳೇ, ಉಳಿಯುತ್ತವೆ.

ಇವು ಗೋಡೆಯ ಗಾರೆ ಇದ್ದಂತೆ, ಸುಮ್ನೆ ಜಾಗ ತುಂಬುತ್ತವೆ ಅಂದುಕೊಂಡಿದ್ದೆ. ತಪ್ಪು. ಆರೋಗ್ಯವಂತ ಕೀಲಿನಲ್ಲಿ ಒಳಪೊರೆಯ ಮೇಲ್ಪದರ ಒಂದೆರಡು ಕೋಶಗಳಷ್ಟೇ ದಪ್ಪ. ಈ ಕಾಯಿಲೆಯಲ್ಲಿ ಅದು 10 ಪದರಕ್ಕೂ ಬೆಳೆದು ಕಾರ್ಟಿಲೇಜ್ (ಮೂಳೆತುದಿಯ ಮೃದ್ವಸ್ಥಿ) ಮೇಲೆ ಹಬ್ಬುತ್ತದೆ. ಕಾರ್ಟಿಲೇಜ್ ಕರಗಿಸುವ ಕಿಣ್ವಗಳನ್ನೂ, ಉರಿಯೂತ ಕೆರಳಿಸುವ ಐಎಲ್-6 ಎಂಬ ಪ್ರೋಟೀನನ್ನೂ ಇದೇ ಫೈಬ್ರೋಬ್ಲಾಸ್ಟ್‌ಗಳು ಸುರಿಸುತ್ತವೆ.

ಒಮ್ಮೆ ಒಂದು ಔಷಧಿ ಪರೀಕ್ಷೆ ನಡೆಸಿದ್ದೆ. ಒಬ್ಬರೇ ರೋಗಿಯ ಕೋಶಗಳು, ಎರಡು ಪ್ಲೇಟ್. ಒಂದರಲ್ಲಿ ಐಎಲ್-6 ಚೆನ್ನಾಗಿ ಇಳಿಯಿತು, ಇನ್ನೊಂದರಲ್ಲಿ ಅಲ್ಲಾಡಲೇ ಇಲ್ಲ. ಎರಡರ ಸರಾಸರಿ ತೆಗೆದು ಹಿರಿಯ ಮೇಡಂಗೆ ತೋರಿಸಿದೆ. ಅವರು ಗ್ರಾಫ್ ನೋಡಲೇ ಇಲ್ಲ, ಸೀದಾ ಮೈಕ್ರೋಸ್ಕೋಪ್ ಹತ್ತಿರ ಹೋದರು.

"ಇವು ಎಷ್ಟನೇ ಪ್ಯಾಸೇಜ್?"

ಫ್ಲಾಸ್ಕಿನ ಮೇಲೆ ರೋಗಿಯ ಕೋಡ್ ಮಾತ್ರ ಇತ್ತು. ನೋಟ್‌ಬುಕ್ ತಿರುವಿದೆ. ಒಂದು 5, ಇನ್ನೊಂದು 11. ಮೊದಲನೆಯದರಲ್ಲಿ ಕೋಶಗಳು ಕದಿರಿನಂತೆ ಸಪೂರ, ಒಂದೇ ದಿಕ್ಕಿಗೆ ಮಲಗಿದ್ದವು. ಎರಡನೆಯದರಲ್ಲಿ ಅಗಲವಾಗಿ, ಚಪ್ಪಟೆಯಾಗಿ ಹರಡಿದ್ದವು. ಮುದಿಯಾಗಿದ್ದವು, ಅಷ್ಟೇ. ಮೂರು ವಾರದ ಕೆಲಸ ಸಿಂಕ್ ಪಾಲು. (ನಂಬರನ್ನು ಮುಚ್ಚಳದ ಮೇಲೆ ಬರೆಯಬೇಡಿ. ಮುಚ್ಚಳ ಅದಲುಬದಲಾಗುತ್ತದೆ.)

ಆಮೇಲೆ ಮೇಡಂ ಹೇಳಿದ್ದು ಇನ್ನೂ ಕಿರಿಕಿರಿಯ ವಿಷಯ. 5ನೇ ಪ್ಯಾಸೇಜ್ ಕೋಶವೂ ಕೀಲಿನಲ್ಲಿದ್ದ ಕೋಶವಲ್ಲ. 2019ರಲ್ಲಿ ಇಲಿಗಳಲ್ಲಿ ಕಂಡಂತೆ, ಒಳಪೊರೆಯ ಆಳದ ಫೈಬ್ರೋಬ್ಲಾಸ್ಟ್‌ಗಳು ಉರಿಯೂತ ಹೆಚ್ಚಿಸುತ್ತವೆ, ಮೇಲ್ಪದರದವು ಮೂಳೆ, ಕಾರ್ಟಿಲೇಜ್ ಹಾಳುಮಾಡುತ್ತವೆ. ಆಳದವುಗಳಿಗೆ ಆ ಗುಣ ಬರುವುದರಲ್ಲಿ ಪಕ್ಕದ ರಕ್ತನಾಳದಿಂದ ಬರುವ ನಾಚ್ ಸಂಕೇತದ (ಅಕ್ಕಪಕ್ಕದ ಕೋಶಗಳು ತಾಗಿಕೊಂಡು ಕಳಿಸುವ ಸಂದೇಶ) ಪಾತ್ರವಿದೆ. ಪ್ಲಾಸ್ಟಿಕ್ ಫ್ಲಾಸ್ಕಿನಲ್ಲಿ ರಕ್ತನಾಳ ಎಲ್ಲಿಂದ ಬರಬೇಕು, ಅಲ್ವಾ?

ಇದು ಲ್ಯಾಬಿನ ಗೋಳು ಮಾತ್ರ ಅಲ್ಲ. ಈಗಿನ ಔಷಧಿಗಳು ಜಾಸ್ತಿ ಗುರಿಯಿಡುವುದು ರೋಗನಿರೋಧಕ ಕೋಶಗಳಿಗೆ, ಅವುಗಳ ಸಂಕೇತಗಳಿಗೆ. ಕೆಲವರ ಒಳಪೊರೆಯಲ್ಲಿ ಅಂಥ ಕೋಶಗಳೇ ಕಡಿಮೆ, ತುಂಬಿರುವುದೆಲ್ಲ ಫೈಬ್ರೋಬ್ಲಾಸ್ಟ್. ಅವರಿಗೆ ಈ ಔಷಧಿಗಳು ಅಷ್ಟಾಗಿ ಹತ್ತುವುದಿಲ್ಲ.

ಈಗ ಟಿಶ್ಯೂ ಬಂದ ಕೂಡಲೇ ಒಂದು ತುಂಡನ್ನು ಬೆಳೆಸದೆ ಹಾಗೇ ಫ್ರೀಜ್ ಮಾಡಿಡುತ್ತೇನೆ. ಫ್ಲಾಸ್ಕಿನಲ್ಲಿ ಏನೇ ಕಂಡರೂ ಮೊದಲು ಆ ತುಂಡಿನ ಜೊತೆ ಹೋಲಿಸಿ ನೋಡುತ್ತೇನೆ.