ಡಯೋಕ್ಲೀಷಿಯನ್ನನ ಎಂಟನೆಯ ವರ್ಷ

ಈಜಿಪ್ಟಿನ ಅಲೆಕ್ಸಾಂಡ್ರಿಯದ ಟಂಕಸಾಲೆಯ ಕೊನೆಗಾಲದ ನಾಣ್ಯಗಳನ್ನು ಮುಖ ನೋಡಿ ಗುರುತಿಸಲು ಹೊರಟವರು ಬೇಗ ಬೇಸ್ತು ಬೀಳುತ್ತಾರೆ. ಕ್ರಿ.ಶ. 270ರಿಂದಾಚೆಗಿನ ರೋಮನ್ ಚಕ್ರವರ್ತಿಗಳಿಗೆಲ್ಲ ಅಲ್ಲಿ ಒಂದೇ ಮೋಟುಗಡ್ಡ, ಒಂದೇ ದಪ್ಪ ಕತ್ತು, ತಲೆಗೆ ಒಂದೇ ಎಲೆಯ ಮಾಲೆ. ಅಚ್ಚು ಕೆತ್ತಿದವನು ಆ ಮಹಾಶಯರಲ್ಲಿ ಒಬ್ಬನನ್ನೂ ಕಣ್ಣಾರೆ ಕಂಡಂತಿಲ್ಲ. ಆದ್ದರಿಂದ ನಾನು ನಾಣ್ಯ ಕೈಗೆ ಬಂದೊಡನೆ ಹಿಂಬದಿಗೆ ತಿರುಗಿಸುತ್ತೇನೆ. ವರ್ಷ ಇರುವುದು ಅಲ್ಲಿ.

ಅರಸ ಪಟ್ಟಕ್ಕೆ ಬಂದಂದಿನಿಂದ ಎಣಿಸುವ ರಾಜ್ಯವರ್ಷದ ಲೆಕ್ಕ ಶಾಸನ ಓದಿದವರಿಗೆ ಹೊಸದಲ್ಲ. ಈಜಿಪ್ಟಿನದೂ ಅದೇ ಬಗೆ: ಇಂಗ್ಲಿಷಿನ ‘ಎಲ್’ ಅಕ್ಷರವನ್ನು ಹೋಲುವ ಒಂದು ಗುರುತು, ಪಕ್ಕದಲ್ಲಿ ಗ್ರೀಕ್ ಅಕ್ಷರವೇ ಅಂಕಿ. ಆಲ್ಫಾ ಎಂದರೆ ಒಂದು, ಬೀಟಾ ಎಂದರೆ ಎರಡು. ಒಂಬತ್ತನ್ನು ಮಾತ್ರ ಹಲವು ಸಲ ಪದವಾಗಿಯೇ ಬರೆಯುತ್ತಿದ್ದರು; ಥೀಟಾ ಸಾವಿನ ಪದದ ಮೊದಲಕ್ಷರವಾದ್ದರಿಂದ ಅಪಶಕುನ ಎಂಬುದು ವಿದ್ವಾಂಸರು ಕೊಡುವ ಕಾರಣ. ಹೊಸ ವರ್ಷ ಹುಟ್ಟುತ್ತಿದ್ದುದು ಆಗಸ್ಟ್ 29ಕ್ಕೆ. ಜುಲೈನಲ್ಲಿ ಪಟ್ಟಕ್ಕೆ ಬಂದವನ ಮೊದಲನೆಯ ವರ್ಷ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತಿತ್ತು.

2025ರ ಫೆಬ್ರುವರಿಯ ಆ ದಿನ ನನ್ನ ಮುಂದೆ ಬಂದದ್ದು ಇಂಥ ನಾಣ್ಯಗಳ ಒಂದು ಪೆಟ್ಟಿಗೆ. ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರ ವಸ್ತುಸಂಗ್ರಹಾಲಯದಲ್ಲಿ ನಾನು ಸ್ವಯಂಸೇವಕಿ. ಈಜಿಪ್ಟಿನಲ್ಲಿ ಮಡಕೆಯೊಂದರಲ್ಲಿ ಸಿಕ್ಕ ನಿಧಿ ಎಂದು ಚೀಟಿಯಲ್ಲಿತ್ತು. ವಿಭಾಗದ ಹಿರಿಯರು, “ಪೂರ್ತಿ ಪಟ್ಟಿ ಆಮೇಲೆ ಆಗಲಿ. ಇವುಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದು, ಅದನ್ನು ಮೊದಲು ನೋಡಿ” ಎಂದರು. ನಿಧಿಯನ್ನು ಹೂಳಿದ ಕಾಲ ತಿಳಿಯುವುದು ಅತ್ಯಂತ ಈಚಿನ ನಾಣ್ಯದಿಂದ. ಮಡಕೆಯ ಬಾಯಿ ಅದಕ್ಕಿಂತ ಮೊದಲು ಮುಚ್ಚಿರಲಾರದು.

ಇವನ್ನು ಟೆಟ್ರಾಡ್ರಾಕ್ಮ್ ಎನ್ನುತ್ತಾರೆ. ನಮ್ಮ ಹಳೆಯ ಪಾವಲಿಯಷ್ಟು ಅಗಲ, ದಪ್ಪ ಮಾತ್ರ ಅದಕ್ಕಿಂತ ಹೆಚ್ಚು. ನೀರೋನ ಕಾಲದಲ್ಲಿ ಇದೇ ನಾಣ್ಯ ಇನ್ನೂ ದೊಡ್ಡದಿತ್ತು, ಬೆಳ್ಳಿಯ ಅಂಶವೂ ಗಣನೀಯವಾಗಿತ್ತು. ಮೂರನೆಯ ಶತಮಾನದ ಕೊನೆಗೆ ಬರುವ ಹೊತ್ತಿಗೆ ಬೆಳ್ಳಿ ನೆಪಕ್ಕೆ ಮಾತ್ರ. ಕೈಯಲ್ಲಿರುವುದು ಕಂದು ತಾಮ್ರ. ಕಿಲುಬು ಕೆರೆಯುವ ಅಧಿಕಾರ ನಮ್ಮಂಥವರಿಗಿಲ್ಲ. ದೀಪವನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ ಅಡ್ಡಬೆಳಕಿನಲ್ಲಿ ನಾಣ್ಯವನ್ನು ಮೆಲ್ಲಗೆ ತಿರುಗಿಸಿದರೆ, ಸವೆದ ಅಕ್ಷರಕ್ಕೂ ನೆರಳು ಮೂಡುತ್ತದೆ.

ಮೊದಲು ಚಿತ್ರ ನೋಡಿ ವಿಂಗಡಿಸಿದೆ. ಗರುಡ ಪಕ್ಷಿಗಳದೇ ದೊಡ್ಡ ರಾಶಿ. ಉಳಿದವರು ನಿಂತ ಹೆಂಗಸರು, ಕೈಯಲ್ಲಿರುವುದನ್ನು ನೋಡಿ ಹೆಸರು ಹೇಳಬೇಕು. ತಕ್ಕಡಿ ಹಿಡಿದವಳು ನ್ಯಾಯದ ದಿಕಾಯೋಸಿನೆ, ಹಡಗಿನ ಚುಕ್ಕಾಣಿ ಹಿಡಿದವಳು ಅದೃಷ್ಟದ ತೂಖೆ. ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ಎತ್ತಿ ಹಿಡಿದ ಸೆರಗಂಚು ಎಂದಾದರೆ ಭರವಸೆಯ ಎಲ್ಪಿಸ್. ನನಗೆ ಇವಳ ಮೇಲೆ ಒಲವು. ಬೆಲೆ ದಿನೇ ದಿನೇ ಕುಸಿಯುತ್ತಿದ್ದ ನಾಣ್ಯದ ಮೇಲೆ ಭರವಸೆಯ ದೇವತೆಯನ್ನು ಒತ್ತುವ ಧೈರ್ಯ ಸರ್ಕಾರಗಳಿಗೆ ಆಗಲೂ ಇತ್ತು.

ರಾಶಿಯಲ್ಲಿ ಚಕ್ರವರ್ತಿ ಕ್ಲಾಡಿಯಸ್ ಗೋಥಿಕಸನ ಮೂರನೆಯ ವರ್ಷದವು ಸಿಕ್ಕವು. ಅವನು ಸತ್ತದ್ದು 270ರಲ್ಲಿ, ಸುದ್ದಿ ಅಲೆಕ್ಸಾಂಡ್ರಿಯಕ್ಕೆ ಮುಟ್ಟುವ ಮುನ್ನ ಹೊಸ ವರ್ಷ ಹುಟ್ಟಿತ್ತು. ಸತ್ತವನ ಹೆಸರಿನಲ್ಲಿ ಮೂರನೆಯ ವರ್ಷದ ನಾಣ್ಯ ಒತ್ತಿಯೇಬಿಟ್ಟರು. ಇನ್ನೊಂದು ನಾಣ್ಯಕ್ಕೆ ಎರಡೂ ಬದಿ ಮುಖ: ಒಂದು ಕಡೆ ರೋಮಿನ ಚಕ್ರವರ್ತಿ ಔರೇಲಿಯನ್, ವರ್ಷ ಒಂದು, ಮತ್ತೊಂದು ಕಡೆ ಸಿರಿಯಾದ ಪಾಲ್ಮೈರಾದ ರಾಣಿ ಜೆನೋಬಿಯಾಳ ಮಗ ವಬಲಾಥಸ್, ವರ್ಷ ನಾಲ್ಕು. ಅವಳ ಸೈನ್ಯ ಈಜಿಪ್ಟನ್ನು ಹಿಡಿದಿದ್ದ ಕಾಲವದು. ಯುದ್ಧ ಇನ್ನೂ ಬಾಯ್ಬಿಟ್ಟಿರಲಿಲ್ಲ, ಎರಡು ಕಡೆಯವರೂ ಒಂದೇ ಲೋಹದ ಬಿಲ್ಲೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕುಳಿತಿದ್ದರು.

ಊಟದ ಹೊತ್ತಿಗೆ ಹಿರಿಯರು, “ನಿಮ್ಮ ಕರ್ನಾಟಕದಲ್ಲೂ ರೋಮನ್ ನಾಣ್ಯ ಸಿಕ್ಕಿವೆಯಲ್ಲವೇ?” ಎಂದು ಕೇಳಿದರು. ಸಿಕ್ಕಿವೆ, ಆದರೆ ಇಂಥವಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ದೊರೆತವು ಬೆಳ್ಳಿಯ ದಿನಾರಿಗಳು. ನಮ್ಮ ಕಡಲಿಗೆ ಬರುವ ಹಡಗುಗಳು ಹೊರಡುತ್ತಿದ್ದುದೇನೋ ಈಜಿಪ್ಟಿನ ಬೆರೆನಿಕೆಯಂಥ ಬಂದರುಗಳಿಂದ. ಆದರೆ ಈಜಿಪ್ಟಿನ ನಾಣ್ಯ ಆ ಪ್ರಾಂತ್ಯದೊಳಗೆ ಮಾತ್ರ ಚಲಾವಣೆಯದು. ಮೆಣಸು ಕೊಳ್ಳಲು ಹೊರಟ ವರ್ತಕ ಅದನ್ನು ಗಂಟಿಗೆ ಹಾಕಿಕೊಂಡು ಮಾಡುವುದೇನು?

ಮಧ್ಯಾಹ್ನದ ನಂತರ ಕೆಲಸ ತೊಡಕಾಯಿತು. ಚಕ್ರವರ್ತಿ ಪ್ರೋಬಸನಿಗೂ ಎಂಟನೆಯ ವರ್ಷವಿದೆ, ಅವನ ನಂತರ ಬಂದ ಡಯೋಕ್ಲೀಷಿಯನ್ನನಿಗೂ ಇದೆ. ನಡುವೆ ಒಂಬತ್ತು ವರ್ಷಗಳ ಅಂತರ. ಹೆಸರು ಓದದೆ ಗತ್ಯಂತರವಿಲ್ಲ. ಪ್ರೋಬಸ್ ಆದರೆ ‘ಪ್ರೊಬೊಸ್’ ಎಂಬುದರ ಎರಡು ಗುಂಡು ಓಮಿಕ್ರಾನ್‌ಗಳು, ಅಂದರೆ ಗ್ರೀಕ್ ‘ಒ’ ಅಕ್ಷರಗಳು, ಕೈಹಿಡಿಯುತ್ತವೆ. ಡಯೋಕ್ಲೀಷಿಯನ್ ಮತ್ತು ಅವನ ಜೊತೆ ಆಳಿದ ಚಕ್ರವರ್ತಿ ಮಾಕ್ಸಿಮಿಯನ್ ಇಬ್ಬರ ಹೆಸರೂ ‘ಇಆನೋಸ್’ ಎಂದೇ ಮುಗಿಯುವುದರಿಂದ ಬಾಲವಷ್ಟೇ ಉಳಿದ ನಾಣ್ಯ ಏನನ್ನೂ ಬಿಟ್ಟುಕೊಡುವುದಿಲ್ಲ. ಮಾಕ್ಸಿಮಿಯನ್ನನ ಲೆಕ್ಕ ಒಂದು ವರ್ಷ ಹಿಂದೆ: ಅವನ ಏಳು ಎಂದರೆ ಡಯೋಕ್ಲೀಷಿಯನ್ನನ ಎಂಟು. ಹೆಸರಿನ ನಡುಭಾಗ ಉಳಿದವುಗಳನ್ನಷ್ಟೇ ನಂಬಿ, ಉಳಿದವನ್ನು ಬೇರೆ ತಟ್ಟೆಗೆ ಸರಿಸಿದೆ.

ಎಲ್ಲಕ್ಕಿಂತ ಈಚಿನವು ಡಯೋಕ್ಲೀಷಿಯನ್ನನ ಎಂಟು ಮತ್ತು ಮಾಕ್ಸಿಮಿಯನ್ನನ ಏಳು, ಅಂದರೆ 291-92. ಕಿರಿಯ ಅರಸರಾದ ಕಾನ್ಸ್ಟಾಂಟಿಯಸ್ ಮತ್ತು ಗಲೇರಿಯಸ್ 293ರಲ್ಲಿ ನೇಮಕಗೊಂಡವರು. ಅವರ ಒಂದು ನಾಣ್ಯವೂ ಇರಲಿಲ್ಲ. ಮಡಕೆ ಅದಕ್ಕೆ ಮುಂಚೆಯೇ ನೆಲ ಸೇರಿರಬೇಕು. ಆಮೇಲೆ ಸ್ವಲ್ಪದರಲ್ಲೇ ಮೇಲಣ ಈಜಿಪ್ಟಿನಲ್ಲಿ, ಅಂದರೆ ದಕ್ಷಿಣ ಭಾಗದಲ್ಲಿ, ದಂಗೆಯೆದ್ದಿತ್ತಲ್ಲ, ಹೆದರಿ ಹೂತಿರಬಹುದೇ ಎಂದೆ. “ಹಣ ಹೂಳಲು ದಂಗೆಯೇ ಆಗಬೇಕೆಂದಿಲ್ಲ. ಬ್ಯಾಂಕಿಲ್ಲದ ಊರಿನಲ್ಲಿ ಎಲ್ಲರೂ ಹೂಳುತ್ತಾರೆ” ಎಂದರು ಹಿರಿಯರು. ಇನ್ನು ಮೂರ್ನಾಲ್ಕು ವರ್ಷಗಳಲ್ಲೇ ಡಯೋಕ್ಲೀಷಿಯನ್ ಈ ನಾಣ್ಯವನ್ನೇ ನಿಲ್ಲಿಸಿದ. ಆಮೇಲೆ ಯಾರಾದರೂ ಅಗೆದು ತೆಗೆದಿದ್ದರೂ ಸಂತೆಯಲ್ಲಿ ಕೇಳುವವರು ಇರುತ್ತಿರಲಿಲ್ಲ.

ಪಕ್ಕದ ಮೇಜಿನಲ್ಲಿ ಕೈರೋದ ವಿದ್ಯಾರ್ಥಿನಿಯೊಬ್ಬಳು ಕುಳಿತಿದ್ದಳು, ಈಜಿಪ್ಟಿನ ಪ್ರಾಚೀನ ಕಾಪ್ಟಿಕ್ ಚರ್ಚಿನ ಕ್ರೈಸ್ತಳು. ನನ್ನ ಪಟ್ಟಿಯ ಮೇಲೆ ಕಣ್ಣಾಡಿಸಿ, “ನಮ್ಮ ಚರ್ಚು ಇವತ್ತಿಗೂ ಡಯೋಕ್ಲೀಷಿಯನ್ನನಿಂದಲೇ ವರ್ಷ ಎಣಿಸುತ್ತದೆ. ಅವನಿಂದ ಹತರಾದವರ ನೆನಪಿಗೆ ಹುತಾತ್ಮರ ಶಕೆ ಎನ್ನುತ್ತೇವೆ. ನಾಣ್ಯದ ಎಂಟು ನಮ್ಮ ಶಕೆಯಲ್ಲೂ ಎಂಟೇ” ಎಂದಳು. ಮೊಬೈಲಿನಲ್ಲಿ ಚರ್ಚಿನ ಕ್ಯಾಲೆಂಡರ್ ತೆರೆದು ತೋರಿಸಿದಳು. ಅಲ್ಲಿ 1741 ಎಂದಿತ್ತು. ಇದನ್ನೂ ಷರಾದಲ್ಲಿ ಸೇರಿಸಲೇ ಎಂದು ಕೇಳಿದೆ. ತೂಕದ ಕಾಲಂ ಇನ್ನೂ ಖಾಲಿಯಿದೆ, ಮೊದಲು ಅದನ್ನು ತುಂಬಿ ಎಂದರು ಹಿರಿಯರು.